ಮೇಷ್ಟ್ರು ಹೊಲಿದ ಪುಸ್ತಕಗಳು

ಒಟ್ಟು ಏಳು ಪುಸ್ತಕ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಮೊದಲನೆಯದು ಅಂಗೈಯಷ್ಟು, ಎರಡನೆಯದು ಹೆಚ್ಚುಕಡಿಮೆ ಚೌಕ, ನಾಲ್ಕನೆಯದು 11 ಇಂಚು ಉದ್ದ, ಎತ್ತರ ಬರೀ 4 ಇಂಚು. ಕಪಾಟಿನಲ್ಲಿ ಸಾಲಾಗಿ ನಿಲ್ಲುವ ಜಾತಿಯವಲ್ಲ. ಹಾಗಾಗಿ ಇಷ್ಟು ವರ್ಷ ಒಂದು ಸೀರೆ ಡಬ್ಬಿಯೊಳಗೆ ಅಟ್ಟದ ಮೇಲಿದ್ದವು. ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಡಬ್ಬಿ ಕೆಳಗಿಳಿಯಿತು. ಬಣ್ಣದವರು ಹೋದ ಮೇಲೂ ಅದು ವಾಪಸ್ ಮೇಲೆ ಹೋಗಲಿಲ್ಲ, ನನ್ನ ಮಂಚದ ಪಕ್ಕದಲ್ಲೇ ಇದೆ.

2000ದ ಜೂನ್‌ನಿಂದ 2004ರ ಮಾರ್ಚ್‌ವರೆಗೆ ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡುತ್ತಿದ್ದೆ. ಆ ಕಾಲದಲ್ಲಿ ಹೆಚ್ಚುಕಡಿಮೆ ದಿನಾ ರಾತ್ರಿ, ಅವತ್ತು ನಡೆದದ್ದನ್ನು ಮೂರೋ ನಾಲ್ಕೋ ಚೌಕದಲ್ಲಿ ಚಿತ್ರ ಬರೆದು, ಮಾತಿನ ಗುಳ್ಳೆ ಹಾಕಿ, ಆಮೇಲೆ ಮಲಗುತ್ತಿದ್ದೆ. ಕಾಮಿಕ್ಸ್ ಅನ್ನಬಹುದು. ಆದರೆ ಕಥೆ ಅನ್ನುವಂಥದ್ದು ಒಂದೂ ಇಲ್ಲ. ಬೆಳಿಗ್ಗೆ ಮಾರ್ಕೆಟ್ಟಿನ ಹೂವಿನ ರಾಶಿ ದಾಟಿ ಬಂದದ್ದು, ಕರೆಕ್ಷನ್ ತಪ್ಪಿ ಬೈಸಿಕೊಂಡದ್ದು, ಡಬ್ಬಿಯಲ್ಲಿ ಚಿತ್ರಾನ್ನ ಹಳಸಿದ್ದು, ಇಂಥವೇ. ನೀಲಿ ರೆನಾಲ್ಡ್ಸ್ ಪೆನ್ನಿನಲ್ಲಿ ಬರೆದ ಗೆರೆಗಳ ಎಣ್ಣೆ ಈಗ ಹಾಳೆಯ ಹಿಂಬದಿಗೂ ಇಳಿದಿದೆ. ಹೀಗಾಗಿ ಯಾವ ಪುಟ ನೋಡಿದರೂ ಅದರ ಹಿಂದಿನ ದಿನವೂ ಮಸುಕಾಗಿ ಕಾಣುತ್ತದೆ.

ನಮ್ಮೂರು ತೀರ್ಥಹಳ್ಳಿ ಕಡೆ, ಎರಡು ಎಕರೆ ಅಡಿಕೆ ತೋಟ. ಆ ವರ್ಷಗಳಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಸಿ, ಪರಿಚಯದವರೊಬ್ಬರ ಮಾತಿನ ಮೇಲೆ ಅಪ್ಪಯ್ಯ ರಾತ್ರಿ ಬಸ್ಸು ಹತ್ತಿಸಿದರು. ಸಂಬಳ 1,800 ರೂಪಾಯಿ. ಚಾಮರಾಜಪೇಟೆಯ ವಠಾರವೊಂದರಲ್ಲಿ ಮೂವರು ಹುಡುಗಿಯರಿಗೆ ಒಂದು ಕೋಣೆ, ಬಾಡಿಗೆಯಲ್ಲಿ ನನ್ನ ಪಾಲು 500. ಬಸ್ಸಿನ ದುಡ್ಡು ಉಳಿಸಲು ನಡೆದೇ ಹೋಗುತ್ತಿದ್ದೆ. ಮಾರ್ಕೆಟ್ ಮೇಲಿನ ಫ್ಲೈಓವರ್ ಆಗ ಹೊಸದು, 1999ರಲ್ಲಿ ಆದದ್ದು. ಅದರ ನೆರಳಿನಲ್ಲಿ ನಡೆಯುವ ಹುಡುಗಿಯ ಬೆನ್ನು ಮೊದಲ ಪುಸ್ತಕದಲ್ಲಿ ಕಡಿಮೆಯೆಂದರೆ ಇಪ್ಪತ್ತು ಸಲ ಬಂದಿದೆ. ಒಂದು ಜಡೆ, ಹೆಗಲಿಗೊಂದು ಚೀಲ. ನನ್ನನ್ನು ನಾನು ಬರೆದುಕೊಳ್ಳುತ್ತಿದ್ದದ್ದು ಹೀಗೆ.

ಸುಲ್ತಾನ್‌ಪೇಟೆ ಅಂದರೆ ಲಗ್ನಪತ್ರಿಕೆಗಳ ಬೀದಿ. ಬೀದಿಗೆ ಬೀದಿಯೇ ಅರಿಶಿನ ಬಣ್ಣದ ಕಾರ್ಡು, ಚಿನ್ನದ ಬಣ್ಣದ ಗಣಪತಿ, ಹೊಸ ಕಾಗದದ ವಾಸನೆ. ನಮ್ಮ ಪ್ರೆಸ್ಸಿಗೆ ಪಂಚಾಂಗವೇ ಕ್ಯಾಲೆಂಡರು. ವೈಶಾಖ, ಜ್ಯೇಷ್ಠದಲ್ಲಿ ಉಸಿರಾಡಲು ಬಿಡುವಿಲ್ಲ. ಆಷಾಢ ಬಂತೆಂದರೆ ಮದುವೆ ಇಲ್ಲ, ಕಾರ್ಡಿಲ್ಲ, ಮಷಿನ್ನು ನಿಂತೇ ಇರುತ್ತಿತ್ತು. ಶ್ರಾವಣದಲ್ಲಿ ಗಣೇಶನ ಚಂದಾ ರಸೀದಿ ಪುಸ್ತಕಗಳು ಬಂದು ಮತ್ತೆ ಜೀವ ಬರುತ್ತಿತ್ತು. ದೀಪಾವಳಿಯಾದ ಮೇಲೆ ಡೈರಿ, ಕ್ಯಾಲೆಂಡರ್. ಏಳು ಪುಸ್ತಕಗಳನ್ನೂ ಒಂದೇ ಉಸಿರಿಗೆ ತಿರುವಿದರೆ ಈ ಏರಿಳಿತ ಕಣ್ಣಿಗೇ ಕಾಣುತ್ತದೆ. ವೈಶಾಖದ ದಿನಗಳಲ್ಲಿ ಎರಡೇ ಚೌಕ, ಗೆರೆ ಅವಸರದ್ದು. ಆಷಾಢದಲ್ಲಿ ಚಿತ್ರಗಳು ತುಂಬಿಕೊಳ್ಳುತ್ತವೆ. ಗೋಡೆಯ ಬಿರುಕು, ಫ್ಯಾನಿನ ರೆಕ್ಕೆ, ಹಲ್ಲಿ ಎಲ್ಲ ಬಂದಿವೆ.

ಪುಸ್ತಕಗಳ ಅಳತೆ ಹಾಗೆ ಹೊಂದದಿರಲು ಕಾರಣ ಕಾಗದ. ಪ್ರೆಸ್ಸಿಗೆ ಬರುವುದು 23×36 ಇಂಚಿನ ದೊಡ್ಡ ಹಾಳೆ. ಕೆಲಸಕ್ಕೆ ಬೇಕಾದಷ್ಟು ಕತ್ತರಿಸಿದ ಮೇಲೆ ಅಂಚಿನಲ್ಲಿ ಪಟ್ಟಿ ಉಳಿಯುತ್ತದೆ. ಅದು ಗೋಣಿಚೀಲಕ್ಕೆ ಹೋಗಿ, ತಿಂಗಳಿಗೊಮ್ಮೆ ರದ್ದಿಯವನ ತಕ್ಕಡಿಗೆ ಬೀಳುತ್ತಿತ್ತು. ಆ ಗೋಣಿಚೀಲದಿಂದ ಒಳ್ಳೆಯ ಮ್ಯಾಪ್‌ಲಿತೋ ಪಟ್ಟಿಗಳನ್ನು ಆರಿಸಿ, ಮಡಚಿ, ಹೊಲಿದು ನನಗೆ ಪುಸ್ತಕ ಮಾಡಿಕೊಡುತ್ತಿದ್ದವರು ನಮ್ಮ ಬೈಂಡರು. ಎಲ್ಲರೂ ಅವರನ್ನು ಮೇಷ್ಟ್ರು ಅಂತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಮೊದಲ ಪುಸ್ತಕದ ಮೊದಲ ಪುಟದಲ್ಲಿ 31-7-2000 ಎಂದಿದೆ. ಹಿಂದಿನ ರಾತ್ರಿ ವೀರಪ್ಪನ್ ಗಾಜನೂರಿನ ತೋಟದ ಮನೆಯಿಂದ ರಾಜಕುಮಾರ್ ಅವರನ್ನು ಅಪಹರಿಸಿದ್ದ. ನನಗೆ ರೇಡಿಯೋ ಕೇಳುವ ಅಭ್ಯಾಸವಿರಲಿಲ್ಲ, ಎಂದಿನ ಹಾಗೆ ಹೊರಟುಬಿಟ್ಟಿದ್ದೆ. ಬೀದಿಯಲ್ಲಿ ಒಂದೊಂದೇ ಅಂಗಡಿ ಬಾಗಿಲು ಎಳೆಯುತ್ತಿದ್ದವು. ಪ್ರೆಸ್ಸಿನ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿತ್ತು. ಎರಡನೇ ಚೌಕದಲ್ಲಿ ಆ ಸಂದಿನಿಂದ ಒಂದು ಕೈ ಹೊರಗೆ ಬಂದಿದೆ. ಗುಳ್ಳೆಯೊಳಗೆ, “ಒಳಗ್ ಬಾಮ್ಮ ಬೇಗ.” ಅವತ್ತು ಸಂಜೆಯವರೆಗೆ ಕೆಲಸವಿಲ್ಲದೆ ಒಳಗೇ ಕೂತಿದ್ದೆವು. ನಾನು ಹಾಳಾದ ಪ್ರಿಂಟಿನ ಹಿಂದೆ ಶಟರಿನ ಚಿತ್ರ ಬರೆಯುತ್ತಿದ್ದೆ. ಮೇಷ್ಟ್ರು ನೋಡಿದರು, ಏನೂ ಹೇಳಲಿಲ್ಲ. ಸಂಜೆ ಹೊರಡುವಾಗ ಅಂಗೈಯಗಲದ ಪುಸ್ತಕ ಕೈಗಿಟ್ಟರು. ಅಂಟು ಇನ್ನೂ ಹಸಿಯಿತ್ತು. ರಾಜಕುಮಾರ್ ಮರಳಿ ಬಂದದ್ದು 108 ದಿನಗಳ ಮೇಲೆ, ನವೆಂಬರ್ 15ಕ್ಕೆ. ಅಷ್ಟರಲ್ಲಿ ಆ ಪುಸ್ತಕ ಮುಗಿದು ಎರಡನೆಯದು ಶುರುವಾಗಿತ್ತು.

ಆಮೇಲಿಂದ ನನ್ನ ಮೇಜಿನ ಹತ್ತಿರ ಹಾದುಹೋಗುವಾಗ, “ಎಲ್ಲಿಗ್ ಬಂತಮ್ಮ ನಿನ್ನ ಕೊರವಂಜಿ?” ಅಂತ ಕೇಳುತ್ತಿದ್ದರು. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಶುರು ಮಾಡಿ 1967ರವರೆಗೆ ನಡೆಸಿದ ಹಾಸ್ಯ ಮಾಸಪತ್ರಿಕೆ ಕೊರವಂಜಿ. ಆರ್.ಕೆ. ಲಕ್ಷ್ಮಣ್ ಅವರ ಎಳೆಯ ವಯಸ್ಸಿನ ಗೆರೆಗಳು ಅದರಲ್ಲಿ ಬಂದಿದ್ದವು. ಆ ಪತ್ರಿಕೆಯನ್ನು ನಾನು ಆಗ ನೋಡಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಚಿತ್ರ, ಅದರ ಕೆಳಗೆ ಮಾತು ಅಂದರೆ ಅದು ಕೊರವಂಜಿಯೇ.

ಅವರು ಮೊದಲಿನಿಂದ ಬೈಂಡರ್ ಆಗಿದ್ದವರಲ್ಲ. ಮೂವತ್ತು ವರ್ಷ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವರು, ಕಂಪೋಸಿಟರು. ಕನ್ನಡದ ಮೊಳೆ ಕೇಸು ಅಂದರೆ ನೂರಾರು ಮನೆಗಳು. ಕಾಗುಣಿತಕ್ಕೆ ಬೇರೆ ಮೊಳೆ, ಒತ್ತಿಗೆ ಬೇರೆ ಮೊಳೆ. ಯಾವ ಮನೆಯಲ್ಲಿ ಯಾವ ಅಕ್ಷರ ಎಂದು ಕಣ್ಣು ನೋಡುವುದಿಲ್ಲ, ಬೆರಳೇ ಹೋಗುತ್ತದೆ ಅಂತಿದ್ದರು. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನು ತೂಕಕ್ಕೆ ಹಾಕಿದರು, ಇವರು ಹಿಂದಿನ ಕೋಣೆಗೆ ಹೋಗಿ ಸೂಜಿ ಹಿಡಿದರು. ನನ್ನ ಕುರ್ಚಿ ಅವರ ಕೇಸು ನಿಂತಿದ್ದ ಜಾಗದಲ್ಲೇ ಇತ್ತು. ಇದು ನನಗೆ ಗೊತ್ತಾಗಿದ್ದು ಸೇರಿ ಒಂದು ವರ್ಷವಾದ ಮೇಲೆ, ಮಷಿನ್ ಹುಡುಗ ಹೇಳಿದ್ದು. ಮೇಷ್ಟ್ರು ಹೇಳಲಿಲ್ಲ.

ಎರಡನೇ ಪುಸ್ತಕದಲ್ಲಿ ಒಂದು ಪುಟವಿದೆ. ನಾವು ಪೇಜ್‌ಮೇಕರ್‌ನಲ್ಲಿ ಶ್ರೀಲಿಪಿ ಅಕ್ಷರಗಳಲ್ಲಿ ಕೆಲಸ ಮಾಡುತ್ತಿದ್ದೆವು. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಕೆಲವು ಸಲ ಒತ್ತಕ್ಷರ ಬಿದ್ದುಹೋಗುತ್ತಿತ್ತು. ಅವತ್ತು ಒಂದು ಲಗ್ನಪತ್ರಿಕೆಯಲ್ಲಿ ‘ಧರ್ಮಪತ್ನಿ’ಯ ನ ಒತ್ತು ಬಿದ್ದು ‘ಧರ್ಮಪತಿ’ ಆಗಿತ್ತು. ಹುಡುಗಿಯ ತಾಯಿಯ ಹೆಸರಿನ ಪಕ್ಕದಲ್ಲೇ. ನಾನು ಎರಡು ಸಲ ಓದಿದ್ದೆ, ಪಾರ್ಟಿಯವರು ಒಂದು ಸಲ ಓದಿ ಸಹಿ ಹಾಕಿದ್ದರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಚ್ಚಿನ ಪ್ಲೇಟಿಗೆ ಹೋಗುವ ಮುಂಚೆ ಬಟರ್ ಪೇಪರಿನ ಪ್ರಿಂಟ್ ಮೇಜಿನ ಮೇಲಿತ್ತು. ಮೂರನೇ ಚೌಕದಲ್ಲಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ ಕೈ ಮಾತ್ರ ಇದೆ. ಚೌಕದ ಹೊರಗಿನಿಂದ ಗುಳ್ಳೆ: “ನ ಒತ್ತು ಬಿದ್ದೋಗಿದೆ ನೋಡಮ್ಮ.” ಐನೂರು ಕಾರ್ಡಿನ ದುಡ್ಡು ನನ್ನ ಸಂಬಳದಲ್ಲಿ ಹೋಗುವುದು ಆ ಒಂದು ಮಾತಿನಲ್ಲಿ ತಪ್ಪಿತ್ತು.

ಬಟರ್ ಪೇಪರಿನ ವಿಷಯ ಸ್ವಲ್ಪ ಹೇಳಬೇಕು. ಫಿಲ್ಮು ತೆಗೆಸುವುದು ದುಬಾರಿ, ಹಾಗಾಗಿ ನಮ್ಮಂಥ ಸಣ್ಣ ಪ್ರೆಸ್ಸುಗಳು ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆದು ಅದರಿಂದಲೇ ಪ್ಲೇಟ್ ಮಾಡುತ್ತಿದ್ದವು. ಮಸಿ ಇರುವ ಬದಿ ಪ್ಲೇಟಿಗೆ ಅಂಟಿಕೊಂಡು ಕೂರಬೇಕು. ಅದಕ್ಕಾಗಿ ಕನ್ನಡಿಯಲ್ಲಿ ಕಂಡ ಹಾಗೆ ಅಕ್ಷರಗಳನ್ನು ಉಲ್ಟಾ ಪ್ರಿಂಟ್ ಕೊಡುವುದು. ಪೇಜ್‌ಮೇಕರ್‌ನಲ್ಲಿ ಮಿರರ್ ಅಂತ ಒಂದು ಗುರುತು ಹಾಕಿದರಾಯಿತು. ದಿನಾ ನೋಡಿ ನೋಡಿ ನನಗೆ ಉಲ್ಟಾ ಕನ್ನಡ ಓದುವುದು ನಿಧಾನಕ್ಕಾದರೂ ಬರತೊಡಗಿತು. ಆಮೇಲೆ ಬರೆಯುವುದೂ ಬಂತು.

ನಾಲ್ಕನೇ ಪುಸ್ತಕದ ಒಂದು ಭಾಗ ಪೂರ್ತಿ ಹಾಗೆ ಉಲ್ಟಾ ಬರೆದದ್ದು. ಅದು 2002ರ ಆಷಾಢ. ಎರಡು ತಿಂಗಳಿಂದ ಯಾರಿಗೂ ಸಂಬಳವಾಗಿರಲಿಲ್ಲ. ಅಪ್ಪಯ್ಯನ ಇನ್‌ಲ್ಯಾಂಡ್ ಪತ್ರ ಬಂದಿತ್ತು, ಮಳೆ ಜೋರು, ಔಷಧಿ ಹೊಡೆಯಲು ಆಳು ಸಿಗುತ್ತಿಲ್ಲ, ಅಡಿಕೆಗೆ ಕೊಳೆರೋಗ ಬಂದಿದೆ ಅಂತ. ನನ್ನ ಹತ್ತಿರ ಕಳಿಸಲು ಏನೂ ಇರಲಿಲ್ಲ. ಪ್ರೆಸ್ಸಿನ ಯಜಮಾನರ ಮೇಲೆ, ಊರಿನ ಮೇಲೆ, ಒಂದೊಂದು ಕಡೆ ಅಪ್ಪಯ್ಯನ ಮೇಲೂ ಸಿಟ್ಟು ತೋಡಿಕೊಂಡಿದ್ದೇನೆ. ಕೋಣೆಯ ಹುಡುಗಿಯರಾಗಲಿ ಪ್ರೆಸ್ಸಿನವರಾಗಲಿ ಓದಿಬಿಟ್ಟಾರು ಎಂದು ಎಲ್ಲ ಗುಳ್ಳೆಗಳಲ್ಲೂ ಕನ್ನಡಿ ಅಕ್ಷರ. ಇಪ್ಪತ್ತು ಚಿಲ್ಲರೆ ವರ್ಷಗಳ ನಂತರ ಆ ಓದು ನನಗೇ ತಪ್ಪಿಹೋಗಿದೆ. ಮೊನ್ನೆ ಬಚ್ಚಲಮನೆಯ ಕನ್ನಡಿಯ ಮುಂದೆ ಪುಸ್ತಕ ಹಿಡಿದು ನಿಂತು ಓದಿದೆ. ಒಂದು ಚೌಕದಲ್ಲಿ ಹುಡುಗಿ ವಠಾರದ ಮೆಟ್ಟಿಲ ಮೇಲೆ ಕೂತಿದ್ದಾಳೆ: “ಬಾಡಿಗೆ 500 ಎಲ್ಲಿಂದ ತರಲಿ? ಹತ್ತನೇ ತಾರೀಕಿನೊಳಗೆ ಕೊಡದಿದ್ದರೆ ಊರಿಗೆ ಹೋಗಿಬಿಡುತ್ತೇನೆ. ಇನ್ನು ಬರುವುದಿಲ್ಲ.”

ಎರಡು ಸಲ ಓದಿದೆ. ಹೊಟ್ಟೆಯಲ್ಲಿ ಅದೇ ಹಳೆಯ ತಳಮಳ ಎದ್ದಿತು. ಈ ಮಾತು ಬರೆದದ್ದು ನೆನಪಿತ್ತು, ಅಷ್ಟು ಹತ್ತಿರಕ್ಕೆ ಹೋಗಿದ್ದೆ ಎನ್ನುವುದು ಮರೆತುಹೋಗಿತ್ತು.

ಅದೇ ವಾರ ಮಳೆಯಲ್ಲಿ ಚೀಲ ನೆಂದು ಪುಸ್ತಕದ ರಟ್ಟು ಬಿಟ್ಟುಕೊಂಡಿತು. ಮೇಷ್ಟ್ರಿಗೆ ಕೊಟ್ಟೆ. ಉಲ್ಟಾ ಬರೆದಿದ್ದೇನಲ್ಲ ಎನ್ನುವ ಧೈರ್ಯ ಒಂದಿತ್ತು. ಅವರು ಎಲ್ಲ ಬಿಚ್ಚಿ, ಒಣಗಿಸಿ, ಮತ್ತೆ ಹೊಲಿದು, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿ ಎರಡು ದಿನ ಬಿಟ್ಟು ವಾಪಸ್ ಕೊಟ್ಟರು.

ಬಿಚ್ಚಿದ ಪುಸ್ತಕದ ಕಂತೆಗಳು, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳು, ಹಿಂದುಮುಂದಾಗಬಾರದೆಂದು ಬೈಂಡರುಗಳು ಪ್ರತಿ ಕಂತೆಯ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು ಹಾಕಿಕೊಳ್ಳುತ್ತಾರೆ. ಮೇಷ್ಟ್ರು ಹಾಕುತ್ತಿದ್ದದ್ದು ಕನ್ನಡದ ಅಂಕಿ, ಕೆಳಗಿನ ಎಡಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣದು. ಇಷ್ಟು ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ. ಮೊನ್ನೆ ಕನ್ನಡಿಯ ಮುಂದೆ ಪುಟ ತಿರುಗಿಸುವಾಗ ಕಣ್ಣಿಗೆ ಬಿತ್ತು. ಮೊದಲ ಕಂತೆಯಲ್ಲಿ ೧, ಎರಡನೆಯದರಲ್ಲಿ ೨, ನಾಲ್ಕನೆಯದರಲ್ಲಿ ೪, ಎಲ್ಲವೂ ಕೆಳಗಿನ ಎಡಮೂಲೆಯಲ್ಲಿ ನೆಟ್ಟಗೆ. ಉಲ್ಟಾ ಬರಹ ಶುರುವಾಗುವುದು ಮೂರನೇ ಕಂತೆಯ ಮೊದಲ ಪುಟದಿಂದ. ಅಲ್ಲಿ ಕೆಳಗಿನ ಮೂಲೆ ಖಾಲಿ. ೩ ಇರುವುದು ಮೇಲಿನ ಬಲಮೂಲೆಯಲ್ಲಿ, ತಲೆಕೆಳಗಾಗಿ.

ಅಂದರೆ ನಂಬರು ಹಾಕುವಾಗ ಅವರು ಆ ಕಂತೆಯನ್ನು ತಲೆಕೆಳಗಾಗಿ ಹಿಡಿದಿದ್ದರು.

ನಾನೂ ಹಾಗೆ ತಿರುಗಿಸಿ ಹಿಡಿದೆ. ಕನ್ನಡಿ ಅಕ್ಷರವನ್ನು ತಲೆಕೆಳಗು ಮಾಡಿದರೆ ಸಾಲು ಎಡದಿಂದ ಬಲಕ್ಕೆ ಓಡುತ್ತದೆ, ಅಕ್ಷರಗಳು ಮಾತ್ರ ಕಾಲು ಮೇಲೆ ಮಾಡಿ ನಿಂತಿರುತ್ತವೆ. ಸ್ಟಿಕ್ಕಿನಲ್ಲಿ, ಅಂದರೆ ಮೊಳೆ ಜೋಡಿಸಲು ಕೈಯಲ್ಲಿ ಹಿಡಿಯುವ ಪಟ್ಟಿಯಲ್ಲಿ, ಜೋಡಿಸಿದ ಮೊಳೆಯ ಸಾಲು ಕಂಪೋಸಿಟರಿನ ಕಣ್ಣಿಗೆ ಕಾಣುವುದು ಹೀಗೆಯೇ. ಮೂವತ್ತು ವರ್ಷ, ದಿನಕ್ಕೆ ಎಂಟು ಹತ್ತು ಗಂಟೆ ಹೀಗೆಯೇ ಓದಿದ ಮನುಷ್ಯ ಅವರು. ಧರ್ಮಪತ್ನಿಯ ಒತ್ತು ಬಿದ್ದದ್ದನ್ನು ಬಟರ್ ಪೇಪರಿನಲ್ಲಿ ಹಿಡಿದವರು. ಎರಡನೇ ಪುಸ್ತಕ ತೆಗೆದು ಆ ಚೌಕ ನೋಡಿದೆ. ಬೆರಳಲ್ಲಿ ಹಿಡಿದ ಹಾಳೆಯ ಮೇಲೆ ನಾನೇ ನಾಲ್ಕು ಅಕ್ಷರ ಬರೆದಿದ್ದೇನೆ, ಅವೂ ತಲೆಕೆಳಗಾಗಿವೆ. ನಾವೆಲ್ಲ ಬಟರ್ ಪೇಪರನ್ನು ಮಗುಚಿ, ಹಿಂಬದಿಯಿಂದ ಓದುತ್ತಿದ್ದೆವು. ಅವರು ಸುಮ್ಮನೆ ತಿರುಗಿಸಿ ಹಿಡಿಯುತ್ತಿದ್ದರು. ಅದನ್ನು ಕಣ್ಣಾರೆ ಕಂಡು ಚಿತ್ರವನ್ನೂ ಬರೆದಿದ್ದೆ.

ಇಡೀ ಪ್ರೆಸ್ಸಿನಲ್ಲಿ ನನ್ನ ಗುಟ್ಟಿನ ಲಿಪಿಯನ್ನು ಸಲೀಸಾಗಿ ಓದಬಲ್ಲ ಒಬ್ಬರ ಕೈಗೇ ಪುಸ್ತಕ ಕೊಟ್ಟಿದ್ದೆ.

ಆಮೇಲಿನ ಪುಟಗಳನ್ನು ಒಂದೊಂದಾಗಿ ನೋಡಿದೆ. ಪುಸ್ತಕ ವಾಪಸ್ ಬಂದ ನಾಲ್ಕನೇ ದಿನದ್ದು ನೆಟ್ಟಗಿನ ಅಕ್ಷರ. ಮೊದಲ ಚೌಕದಲ್ಲಿ ಒಂದು ಕೈ, ಕೈಯಲ್ಲಿ ಲಗ್ನಪತ್ರಿಕೆಯ ಕವರು. ಗುಳ್ಳೆ: “ಮೇಲ್ಗಡೆಯಿಂದ ಕೊಟ್ಟವ್ರೆ, ಅಡ್ವಾನ್ಸು. ಬೇರೆಯವ್ರಿಗಿಲ್ಲ, ಕೇಳಕ್ಕೋಗ್ಬೇಡ.” ಎರಡನೇ ಚೌಕ ಕವರಿನೊಳಗಿನದು, ನೂರರ ಐದು ನೋಟು. ಮೂರನೆಯದು ಯಜಮಾನರ ಮುಖ. ಏಳು ಪುಸ್ತಕಗಳಲ್ಲಿ ಅವರು ನಗುತ್ತಿರುವುದು ಅದೊಂದೇ ಚೌಕದಲ್ಲಿ. ಕಣ್ಣಿನ ಸುತ್ತ ಸುಕ್ಕು, ಮೀಸೆಯ ಬಿಳಿಕೂದಲು, ಎಲ್ಲವನ್ನೂ ಕೃತಜ್ಞತೆಯಿಂದ ಕೂತು ಬರೆದಿದ್ದೇನೆ. ಸೆಪ್ಟೆಂಬರ್‌ನಲ್ಲಿ, ಗೌರಿಹಬ್ಬದ ಮುಂಚೆ, ಬಾಕಿ ಸಂಬಳವೆಲ್ಲ ಒಟ್ಟಿಗೆ ಬಂತು. ಆ ದಿನದ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ, “500 ಹಿಡಿದುಕೊಂಡಿಲ್ಲ. ಮರೆತಿರಬೇಕು. ನಾನಾಗಿ ಹೇಳಲಾ?” ಎಂದಿದೆ. ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಇದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಇಷ್ಟೇ. ತಲೆಕೆಳಗಾದ ಒಂದು ಅಂಕಿ, 500 ಎನ್ನುವ ಲೆಕ್ಕ, ಹಿಡಿದುಕೊಳ್ಳದೆ ಬಿಟ್ಟ ಅಡ್ವಾನ್ಸು. ನನಗೆ ಸಾಕು. ಆ ಎರಡು ತಿಂಗಳು ಮೇಷ್ಟ್ರಿಗೂ ಸಂಬಳವಾಗಿರಲಿಲ್ಲ ಎನ್ನುವುದು ನೆನಪಾದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಜಗಲಿಯಲ್ಲಿ ಕೂತೆ.

ಕೆಲಸದ ಜಾಗದ ದಿನನಿತ್ಯವನ್ನು ಕಾಮಿಕ್ಸ್ ಮಾಡುವ ಪರಂಪರೆಯೇ ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಾರ್ವಿ ಪೀಕರ್ ಎಂಬುವರಿದ್ದರು, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಫೈಲು ಜೋಡಿಸುವ ಗುಮಾಸ್ತರು. 1976ರಿಂದ ತಮ್ಮ ಬದುಕನ್ನೇ ಕಾಮಿಕ್ಸ್ ಮಾಡಿದರು. ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಮಾತು, ಸನ್ನಿವೇಶ ಅವರದು, ಗೆರೆ ಬೇರೆಯವರದು. ಆ ಪುಟಗಳನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಅವರ ಜೊತೆ ಕೆಲಸ ಮಾಡುವವರ ಕಡೆ. ಒಬ್ಬೊಬ್ಬರ ಮಾತಿನ ಧಾಟಿ, ನಿಲ್ಲುವ ಭಂಗಿ, ಹಟ, ಎಲ್ಲ ಇದೆ. ಕೆಲವು ಕಡೆ ಪೀಕರ್ ಸುಮ್ಮನೆ ನಿಂತು ಕೇಳುತ್ತಿರುತ್ತಾರೆ, ಪುಟ ಪೂರ್ತಿ ಇನ್ನೊಬ್ಬರದು. ಈಗ ನನ್ನ ಪುಸ್ತಕಗಳಲ್ಲಿ ಮೇಷ್ಟ್ರನ್ನು ಹುಡುಕುವಾಗ ಆ ಪುಟಗಳು ನೆನಪಾದವು.

ಹುಡುಕಿ ಎಣಿಸಿದ್ದೇನೆ. ಶಟರಿನ ಸಂದಿನ ಕೈ. ಬಟರ್ ಪೇಪರ್ ಹಿಡಿದ ಬೆರಳು. ಕವರು ಹಿಡಿದ ಕೈ. ಆಯುಧಪೂಜೆಯ ದಿನ ಮಷಿನ್ ಮುಂದೆ ಬೂದುಗುಂಬಳಕಾಯಿ ಒಡೆಯುವಾಗ ಜನರ ಹಿಂದೆ ಒಂದು ಬೆನ್ನು, ಅದು ಅವರದೇ ಇರಬೇಕು, ಹೆಗಲ ಮೇಲೆ ಟವೆಲಿದೆ. “ಎಲ್ಲಿಗ್ ಬಂತಮ್ಮ ನಿನ್ನ ಕೊರವಂಜಿ?” ಒಂಬತ್ತು ಸಲ ಬಂದಿದೆ, ಒಂಬತ್ತೂ ಸಲ ಚೌಕದ ಹೊರಗಿನಿಂದ. ಮುಖ ಒಂದು ಕಡೆಯೂ ಇಲ್ಲ. ಒಬ್ಬಳು ಹುಡುಗಿಯ ಜಡೆ, ಚೀಲ, ಹಸಿವು, ಸಿಟ್ಟು ಸಾವಿರಾರು ಚೌಕಗಳಲ್ಲಿ ತುಂಬಿವೆ. ಆ ಚೌಕಗಳಿಗೆ ಕಾಗದ ಆರಿಸಿದವರ ಮುಖ ಬರೆಯಲು ನನಗೆ ಒಂದು ದಿನವೂ ತೋಚಲಿಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸು, ಊರು ಬಿಟ್ಟ ದುಃಖ, ಇದೆಲ್ಲ ಇತ್ತು, ನಿಜ. ಆದರೂ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಕೆಲಸ ಬಿಟ್ಟು ಮದುವೆಯಾಗಿ ಎರಡು ವರ್ಷದ ಮೇಲೆ ಒಮ್ಮೆ ಪ್ರೆಸ್ಸಿಗೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಲ್ಯಾಮಿನೇಶನ್ ಮಷಿನ್ ಕೂತಿತ್ತು. ಮೇಷ್ಟ್ರು ಊರಿಗೆ ಹೋದರು, ಮಾಗಡಿ ಹತ್ತಿರ, ಅಂದರು. ವಿಳಾಸ ಯಾರ ಹತ್ತಿರವೂ ಇರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮೊನ್ನೆ ರಾತ್ರಿ ಕಾಗದ ಪೆನ್ನು ತೆಗೆದುಕೊಂಡು ಅವರ ಮುಖ ಬರೆಯಲು ಕೂತೆ. ಕಿವಿಯ ಮೇಲಿನ ಪೆನ್ಸಿಲ್ ಬಂತು. ಕನ್ನಡಕಕ್ಕೆ ಕಟ್ಟಿದ ದಾರ ಬಂತು, ಪುಸ್ತಕ ಹೊಲಿಯುವ ಅದೇ ದಾರ. ಬಲಗೈ ಹೆಬ್ಬೆರಳಿನ ಸೀಳಿದ ಉಗುರು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಕನ್ನಡಕದ ಒಳಗಿನ ಕಣ್ಣು ಮಾತ್ರ ಎಷ್ಟು ಸಲ ಬರೆದರೂ ಬೇರೆ ಯಾರದೋ ಆಗುತ್ತದೆ.

ಏಳೂ ಪುಸ್ತಕಗಳಲ್ಲಿ ಒಂದು ಹಾಳೆಯನ್ನೂ ಹುಳ ತಿಂದಿಲ್ಲ. ಮೇಷ್ಟ್ರು ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಮುಟ್ಟಬಾರದೆಂದು. ಊರಲ್ಲಿ ಅಪ್ಪಯ್ಯ ಮಳೆಗಾಲದ ಮುಂಚೆ ಅಡಿಕೆ ಕೊನೆಗೆ ಸುಣ್ಣದ ಜೊತೆ ಕಲಸಿ ಹೊಡೆಸುತ್ತಿದ್ದದ್ದೂ ಅದನ್ನೇ. ಪ್ರೆಸ್ಸಿನ ಹಿಂದಿನ ಕೋಣೆಯ ಸ್ಟವ್ ಪಕ್ಕ ಆ ನೀಲಿ ಹರಳುಗಳನ್ನು ಮೊದಲ ಸಲ ಕಂಡಾಗ, “ಮೇಷ್ಟ್ರೇ, ಇದು ನಮ್ಮ ತೋಟದ್ದು” ಅಂದಿದ್ದೆ. ಅವರು ನಕ್ಕಿದ್ದರು. ಆ ನಗು ಕಿವಿಯಲ್ಲಿದೆ.

ನಾಲ್ಕನೇ ಪುಸ್ತಕದ ಬೆನ್ನಿನ ಕ್ಯಾಲಿಕೋ ಈಗ ಮತ್ತೆ ಸೀಳಿದೆ. ಭಾನುವಾರ ಮೈದಾ ಕುದಿಸಿದೆ, ಊರಿನಿಂದ ತಂದಿದ್ದ ಮೈಲುತುತ್ತ ಚೂರು ಹಾಕಿದೆ, ಹಳೆಯ ಬಟ್ಟೆ ಬಿಡಿಸಿ ಹೊಸದು ಅಂಟಿಸಿದೆ. ಅಂಟಿಸುವ ಮುಂಚೆ ಒಳಗಿನ ದಾರ ಎಳೆದು ನೋಡಿದೆ. ಬಿಗಿಯಾಗಿಯೇ ಇತ್ತು. ಹೊಲಿಗೆ ಬಿಚ್ಚಲಿಲ್ಲ.